ತೊಳೆಯುವ ಎಣ್ಣೆ

೪ ಫೆಬ್ರುವರಿ

ಅಕ್ಕನಿಗೆ,

ಫೋನ್ ಮಾಡಿದರೆ ನನ್ನ ದನಿ ಕೇಳಿದ ತಕ್ಷಣ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಕ್ಷೇಮ ಸಮಾಚಾರ ಬರೆದರೆ ನಿನ್ನಿಂದ ಉತ್ತರ ಬರುವುದಿಲ್ಲ ಎನ್ನುವುದು ಇಷ್ಟು ವರ್ಷಗಳಲ್ಲಿ ಅರ್ಥವಾಗಿದೆ. ಹಾಗಾಗಿ ನೇರವಾಗಿ ಕೆಲಸದ ಮಾತಿಗೆ ಬರುತ್ತೇನೆ.

ಅಪ್ಪನ ರಿಪೇರಿ ಶೆಡ್ಡನ್ನು ಮಾರ್ಚ್ ಕೊನೆಗೆ ಖಾಲಿ ಮಾಡಿಕೊಡಬೇಕು. ಮಾಲೀಕರು ಅಲ್ಲಿ ಗೋದಾಮು ಕಟ್ಟಿಸುತ್ತಾರಂತೆ. ಸಾಮಾನೆಲ್ಲ ಹೋಯಿತು. ಉಳಿದಿರುವುದು ಅಪ್ಪನ ಮೋಟಾರ್ ಸೈಕಲ್ ಒಂದೇ. ಅವರು ತೀರಿಕೊಂಡ ಮೇಲೆ ಒಂಬತ್ತು ವರ್ಷ ಅದನ್ನು ಯಾರೂ ಒದ್ದು ಸ್ಟಾರ್ಟ್ ಮಾಡಿಲ್ಲ. ಕೈಗಾಡಿಯಲ್ಲಿ ಹೇರಿಕೊಂಡು ಹೋಗುತ್ತೇನೆ ಎಂದ ಗುಜರಿಯವನು. ನನಗೆ ಮನಸ್ಸು ಒಪ್ಪಲಿಲ್ಲ. ನೀನೂ ಅಪ್ಪನೂ ಬಿಟ್ಟರೆ ಇನ್ನೊಬ್ಬರು ಹತ್ತದ ಗಾಡಿ ಅದು. ಹೆಣದ ಹಾಗೆ ಹೊತ್ತುಕೊಂಡು ಹೋಗುವುದು ಬೇಡ, ತನ್ನ ಚಕ್ರದ ಮೇಲೆ ತನ್ನ ಸದ್ದಿನಲ್ಲೇ ಶೆಡ್ಡಿನಿಂದ ಹೊರಗೆ ಬರಲಿ ಎಂದು ನನ್ನ ಆಸೆ.

ಎಣ್ಣೆಯ ವಿಷಯ. ಅಂಗಡಿಯವನು ಫಳಫಳ ಹೊಳೆಯುವ ಡಬ್ಬಾ ಕೊಟ್ಟ. "ಸಾರ್, ಇದು ಇಂಜಿನ್ ಒಳಗೆಲ್ಲ ತೊಳೆದುಬಿಡುತ್ತೆ" ಎಂದ. ನನಗಿಂತ ಹಳೆಯ ಗಾಡಿ ಕಣಪ್ಪ ಅಂದೆ. "ಹಳೇದಕ್ಕೇ ಸಾರ್ ಸ್ನಾನ ಜಾಸ್ತಿ ಬೇಕಾಗಿರೋದು" ಎಂದ. ಸುರಿಯಲೇ? ನೀನು ಬೇಡವೆಂದರೆ ಬೇರೆ ಯಾವುದೆಂದು ಹೇಳು. ಆ ಬೇಕರಿಯವನ ಗಾಡಿಗೆ ನೀನು ಹಾಕಿದೆಯಲ್ಲ, ಅದೊಂದು ಬಿಟ್ಟು ಯಾವುದಾದರೂ ಸರಿ! (ತಮಾಷೆಗೆ ಅಂದೆ. ನಲವತ್ತು ವರ್ಷದ ಹಿಂದಿನ ಮಾತು, ನಕ್ಕುಬಿಡು.)

ಇಂತಿ,
ನಿನ್ನ ಮೊಳೆ


೧೩ ಫೆಬ್ರುವರಿ

ಹಲ್ಲಿನ ಡಾಕ್ಟರ್ ಸಾಹೇಬರಿಗೆ,

'ನಿನ್ನ ಮೊಳೆ' ಅಂತ ಸಹಿ ಹಾಕಬೇಡ. ಆ ಹೆಸರು ನಾನು ಇಟ್ಟದ್ದು, ಕಡ್ಡಿಯಂತಿದ್ದ ಒಬ್ಬ ಹುಡುಗನಿಗೆ. ನಿನ್ನ ಮಗಳ ಮದುವೆಯ ಫೋಟೋ ಯಾರೋ ತೋರಿಸಿದರು. ಮೊಳೆಯಲ್ಲ, ಪೀಪಾಯಿ.

ಈ ಕಾಗದ ನಿನಗಾಗಿ ಬರೆಯುತ್ತಿಲ್ಲ. ಆ ಇಂಜಿನ್ ಯಾರಿಗೂ ಯಾವ ಪಾಪವನ್ನೂ ಮಾಡಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಹದಿನೆಂಟು ವರ್ಷ ಪುಸ್ತಕ ಓದಿದವನು ನೀನು. ಆದರೂ ಅಂಗಡಿಯವನು ಸ್ನಾನ ಅಂದ ಕೂಡಲೇ ಸೋಪು ಹಿಡಿದು ನಿಂತಿದ್ದೀಯಲ್ಲ, ತಲೆಯಲ್ಲಿ ಏನು ತುಂಬಿಕೊಂಡಿದ್ದೀಯ, ಜನರ ಹಲ್ಲಾ? ಮುಚ್ಚಿಡು ಆ ಡಬ್ಬಾ.

ಕೇಳು. ಆ ಕಾಲದ ಇಂಜಿನ್ನಿಗೆ ಈಗಿನ ಹಾಗೆ ಫಿಲ್ಟರ್ ಇಲ್ಲ. ಅದಕ್ಕೆ ಹಾಕುತ್ತಿದ್ದದ್ದು ಸಾದಾ ಎಣ್ಣೆ. ಅದು ಕೊಳೆಯನ್ನು ಹೊತ್ತು ತಿರುಗುವುದಿಲ್ಲ, ತಳಕ್ಕೆ ಬಿಡುತ್ತದೆ. ಕೊಳೆ ಅಲ್ಲೇ ಮಲಗಿರುತ್ತದೆ, ಯಾರಿಗೂ ತೊಂದರೆಯಿಲ್ಲ. ತೊಳೆಯುವ ಎಣ್ಣೆ ಸುರಿದೆಯೋ, ಮಲಗಿದ್ದದ್ದೆಲ್ಲ ಎದ್ದು ಬರುತ್ತದೆ. ಎದ್ದು ಬಂದದ್ದು ಎಲ್ಲಿಗೆ ಹೋಗಬೇಕು? ಎಣ್ಣೆ ಹೋಗುವ ಸೂಜಿಯಂಥ ತೂತಿಗೆ ಹೋಗಿ ಕೂರುತ್ತದೆ. ಎಣ್ಣೆ ನಿಂತಿತು, ಇಂಜಿನ್ ಹಿಡಿಯಿತು, ಹಿಂದಿನ ಚಕ್ರ ಗಕ್ಕನೆ ನಿಂತಿತು, ಮೇಲೆ ಕೂತಿದ್ದವನು ರಸ್ತೆಯ ಮೇಲೆ.

ಐವತ್ತನೇ ನಂಬರಿನ ಸಾದಾ ಎಣ್ಣೆ ತೆಗೆದುಕೋ. ಡಬ್ಬಾದ ಮೇಲೆ ಒಂದೇ ನಂಬರ್ ಇರಬೇಕು. ಎರಡು ನಂಬರ್ ಇದ್ದರೆ ವಾಪಸ್ ಇಡು. 'ಶುಚಿ' 'ಸ್ವಚ್ಛ' ಅಂತ ಏನಾದರೂ ಬರೆದಿದ್ದರೂ ವಾಪಸ್ ಇಡು. ಪೇಟೆಯಲ್ಲಿ ಸಿಗದಿದ್ದರೆ ಹಳೇ ಪಂಪು, ಹಿಟ್ಟಿನ ಗಿರಣಿ ರಿಪೇರಿ ಮಾಡುವವರನ್ನು ಕೇಳು. ಅವರು ನಗುತ್ತಾರೆ. ನಗಲಿ.

ಮೊದಲು ಹಳೆಯದನ್ನು ಇಳಿಸು. ಎಣ್ಣೆಯ ತೊಟ್ಟಿ ಸೀಟಿನ ಕೆಳಗೆ ಬಲಗಡೆ ಇದೆ. ಒಂಬತ್ತು ವರ್ಷ ನಿಂತ ಗಾಡಿ, ಅರ್ಧ ಎಣ್ಣೆ ಇಂಜಿನ್ನಿನ ಹೊಟ್ಟೆಗೆ ಸೋರಿರುತ್ತದೆ, ಅದನ್ನೂ ಇಳಿಸು. ತೊಟ್ಟಿಯನ್ನು ಪೂರ್ತಿ ಕಳಚಿ ಸೀಮೆಎಣ್ಣೆಯಲ್ಲಿ ತೊಳೆಯಲು ಬಂದರೆ ತೊಳೆ. ನಿನಗೆ ಬರುವುದಿಲ್ಲ ಅಂತ ಗೊತ್ತು. ಹಾಗಾದರೆ ತಳವನ್ನು ಕೆದಕಬೇಡ. ಕೈ ಕಟ್ಟಿಕೊಂಡು ನಿಂತಿರು.

ಬೇಕರಿಯವನ ಮಾತು ಎತ್ತಿದ್ದೀಯ. ಇನ್ನೊಂದು ಸಲ ಎತ್ತಬೇಡ.

ಅಕ್ಕ


೨೧ ಫೆಬ್ರುವರಿ

ಅಕ್ಕ,

ನಿನ್ನ ಬೈಗುಳವನ್ನು ಎರಡು ಸಲ ಓದಿದೆ. ನಲವತ್ತು ವರ್ಷದ ಬಾಕಿ ಒಂದೇ ಕಾಗದದಲ್ಲಿ ಬಂದ ಹಾಗಿತ್ತು.

ಆದರೆ ತೊಳೆಯುವ ಎಣ್ಣೆಯ ವಿಷಯ ನನಗೆ ತಕ್ಷಣ ಹಿಡಿಯಿತು, ನೀನು ನಂಬದಿದ್ದರೂ ಸರಿ. ನನ್ನ ಕುರ್ಚಿಗೆ ವಯಸ್ಸಾದವರು ಬಂದು, ಹಲ್ಲಿನ ಪಾಚಿ ತೆಗೆದುಬಿಡಿ ಡಾಕ್ಟ್ರೇ ಎನ್ನುತ್ತಾರೆ. ಕಲ್ಲಿನಂತೆ ಗಟ್ಟಿಯಾದ ಪಾಚಿ. ತೆಗೆದ ಮಾರನೇ ದಿನ ಬಂದು ಜಗಳ ಮಾಡುತ್ತಾರೆ: "ಬರೋವಾಗ ಗಟ್ಟಿಯಾಗಿದ್ದ ಹಲ್ಲು ಈಗ ಅಲ್ಲಾಡ್ತಿದೆ, ಏನ್ರೀ ಮಾಡಿದ್ರಿ?" ಆ ಹಲ್ಲನ್ನು ಹಿಡಿದಿಟ್ಟಿದ್ದದ್ದೇ ಪಾಚಿ. ಇಂಜಿನ್ನೂ ಅಷ್ಟೇ ತಾನೇ?

ಗಿರಣಿಯವನ ಹತ್ತಿರ ಸಾದಾ ಎಣ್ಣೆ ಸಿಕ್ಕಿತು. ಅವನು ನಗಲಿಲ್ಲ, ಅತ್ತ. ಈಗ ಇದನ್ನು ಯಾರೂ ಕೇಳುವುದಿಲ್ಲವಂತೆ.

ನಿನ್ನೆ ಹಳೆಯದನ್ನು ಇಳಿಸಿದೆ. ಮೇಲಿನದು ಜೇನಿನ ಬಣ್ಣ. ನಾನು ಡಾಂಬರು ಬರುತ್ತದೆ ಎಂದುಕೊಂಡಿದ್ದೆ. ಕೊಳೆಯೆಲ್ಲ ತಳದಲ್ಲಿತ್ತು, ಬೆರಳು ದಪ್ಪದ ಕಪ್ಪು ಕೆಸರು. ಇಳಿಸುವ ತೂತು ತಳಕ್ಕಿಂತ ಸ್ವಲ್ಪ ಮೇಲಿರುವುದರಿಂದ ಅದು ಅಲ್ಲೇ ಉಳಿದಿತ್ತು. ಇಲ್ಲೊಂದು ತಪ್ಪಾಯಿತು. ಕೈ ಸುಮ್ಮನಿರಲಿಲ್ಲ. ಪಾಚಿ ಕೆರೆಯುವ ನನ್ನ ಕೊಕ್ಕೆಯಿಂದ ಒಂದು ಮೂಲೆಯಲ್ಲಿ ಸ್ವಲ್ಪ ಕೆರೆದೆ. ಮಣ್ಣಿನ ಹೆಂಟೆಯಂತೆ ಎದ್ದು ಬಂತು. ಆಮೇಲೆ ನಿನ್ನ ಮಾತು ನೆನಪಾಗಿ ನಿಲ್ಲಿಸಿದೆ.

ಗಾಡಿ ಕೆಟ್ಟಿತೇ?

ತಮ್ಮ


೧ ಮಾರ್ಚ್

ಡಾಕ್ಟರ್ ಸಾಹೇಬರಿಗೆ,

ಕೆದಕಬೇಡ ಅಂದರೆ ಕೆದಕುವುದು. ಆ ಬುದ್ಧಿ ಹುಟ್ಟಿದಾಗಿನಿಂದ ಇದೆ, ಗಾಯದ ಹಕ್ಕಳೆಯನ್ನೂ ಬಿಡುತ್ತಿರಲಿಲ್ಲ. ಹಲ್ಲು ಕೆರೆಯುವ ಕೊಕ್ಕೆಯಂತೆ! ಆ ತೊಟ್ಟಿ ನಿನ್ನ ಕುರ್ಚಿಯಲ್ಲಿ ಬಾಯಿ ಬಿಟ್ಟುಕೊಂಡು ಕೂತಿತ್ತೇ? ಇಲ್ಲಿ ದೋಣಿ ಕಟ್ಟೆಯ ವರ್ಕ್‌ಶಾಪಿನಲ್ಲೂ ನಿನ್ನಂಥವನೇ ಒಬ್ಬ ಮ್ಯಾನೇಜರ್ ಬಂದಿದ್ದಾನೆ, ಕೋಟಿನ ಜೇಬಲ್ಲಿ ಪೆನ್ನು, ಎಲ್ಲ ಡಬ್ಬಾಕ್ಕೂ ಚೀಟಿ ಅಂಟಿಸುತ್ತಾನೆ, ಒಂದನ್ನೂ ಮೂಸಿ ನೋಡುವುದಿಲ್ಲ. ನಾನು ಕೆಲಸ ಬಿಟ್ಟು ಹತ್ತು ವರ್ಷವಾದರೂ ದಿನಾ ಹೋಗಿ ಅವನನ್ನು ಬೈದು ಬರುತ್ತೇನೆ. ನನ್ನ ಕೋಣೆ ಅದರ ಎದುರಿಗೇ, ಮಹಡಿಯ ಮೇಲೆ. ದೋಣಿಯ ಇಂಜಿನ್ ಕೆಮ್ಮಿದರೆ ಅವನಿಗಿಂತ ಮೊದಲು ನನಗೆ ಕೇಳಿಸುತ್ತದೆ.

ಸ್ಟಾರ್ಟ್ ಮಾಡಬೇಡ. ಹೊಸ ಎಣ್ಣೆಯನ್ನೂ ಹಾಕಬೇಡ. ಮೊದಲು ನಾನು ಕೇಳಿದ್ದಕ್ಕೆ ಸರಿಯಾಗಿ ನೋಡಿ ಉತ್ತರ ಬರಿ.

ಇಳಿಸಿದ ಎಣ್ಣೆ ಇಟ್ಟಿದ್ದೀಯ, ಚೆಲ್ಲಿದೆಯಾ? ಇದ್ದರೆ ಗಾಜಿನ ಲೋಟದಲ್ಲಿ ಹಾಕಿ ಬೆಳಕಿಗೆ ಹಿಡಿ. ಆಚೆ ಬದಿ ಕಾಣುತ್ತದೆಯೇ, ಇಲ್ಲವೇ?

ಅಪ್ಪ ಎಷ್ಟು ದಿನ ಆ ಗಾಡಿ ಓಡಿಸಿದ?

ನಾನು ಹೋದ ಮೇಲೆ ಆ ತೊಟ್ಟಿಯನ್ನು ಯಾರಾದರೂ ಕಳಚಿ ತೊಳೆದರೇ? ಎಣ್ಣೆ ಯಾರು ಬದಲಿಸುತ್ತಿದ್ದರು?

ಯಾಕೆ ಅಂತ ಕೇಳಬೇಡ.

ಅಕ್ಕ


೮ ಮಾರ್ಚ್

ಅಕ್ಕ,

ಯಾಕೆ ಎಂದು ಕೇಳುತ್ತಿಲ್ಲ. ಗಾಡಿ ಕೆಟ್ಟಿರುವುದನ್ನು ನನ್ನಿಂದ ಮುಚ್ಚಿಡುತ್ತಿದ್ದೀಯ ಎಂದು ಅನುಮಾನ. ಕೆಟ್ಟಿದ್ದರೆ ಹೇಳಿಬಿಡು, ತಡೆದುಕೊಳ್ಳುತ್ತೇನೆ. ಇನ್ನು ಮೂರು ವಾರ ಮಾತ್ರ ಉಳಿದಿದೆ.

ಎಣ್ಣೆ ಚೆಲ್ಲಿರಲಿಲ್ಲ. ಗಾಜಿನ ಲೋಟದಲ್ಲಿ ಹಾಕಿ ಹಿಡಿದೆ. ಆಚೆ ಕಿಟಕಿಯ ಸರಳು ಕಂಡವು. ಸ್ವಲ್ಪ ಮಂಕು, ಆದರೆ ಎಣಿಸಬಹುದು.

ಅಪ್ಪ ಕೊನೆಯ ತಿಂಗಳವರೆಗೂ ಓಡಿಸಿದರು. ಮಾರುಕಟ್ಟೆಗೆ ದಿನಾ ಅದರಲ್ಲೇ. ನನ್ನ ಕಾರು ಹತ್ತಿ ಎಂದರೆ, ನಿನ್ನ ಡಬ್ಬಿಯಲ್ಲಿ ಕೂತರೆ ನನಗೆ ಕೆಮ್ಮು ಬರುತ್ತೆ ಎನ್ನುತ್ತಿದ್ದರು.

ತೊಟ್ಟಿಯನ್ನು ಯಾರೂ ಕಳಚಿಲ್ಲ. ಅವರಿಗೆ ಬಗ್ಗಲು ಆಗುತ್ತಿರಲಿಲ್ಲ, ನನಗೆ ಬರುತ್ತಿರಲಿಲ್ಲ. ಎಣ್ಣೆಯನ್ನು ಮಾತ್ರ ಅವರೇ ಬದಲಿಸುತ್ತಿದ್ದರು, ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಆಗ ಶೆಡ್ಡಿನ ಶಟರನ್ನು ಮೊಣಕಾಲಿನವರೆಗೆ ಇಳಿಸಿಕೊಳ್ಳುತ್ತಿದ್ದರು. ಒಮ್ಮೆ ಯಾಕಪ್ಪಾ ಎಂದು ಕೇಳಿದೆ. "ಧೂಳು ಬರುತ್ತೆ ಕಣೋ" ಎಂದರು. ಹೊರಗೆ ಆ ದೊಡ್ಡ ಬೋರ್ಡು ನಿನಗೆ ನೆನಪಿರಬೇಕು, 'ಇಂಜಿನ್ ತೊಳೆಯುವ ಎಣ್ಣೆ ಇಲ್ಲಿ ದೊರೆಯುತ್ತದೆ.' ಕೊನೆಯವರೆಗೂ ಅಲ್ಲೇ ಇತ್ತು. ಊರಿನ ಅರ್ಧ ಗಾಡಿಗಳಿಗೆ ಅದನ್ನೇ ಹಾಕಿದರು.

ಈಗ ಹೇಳು, ಗಾಡಿ ಕೆಟ್ಟಿದೆಯೇ?

ತಮ್ಮ


೧೫ ಮಾರ್ಚ್

ಡಾಕ್ಟರ್ ಸಾಹೇಬರಿಗೆ,

ಗಾಡಿ ಕೆಟ್ಟಿಲ್ಲ. ಕೆಟ್ಟದ್ದು ಬೇರೆ.

ತೊಳೆಯುವ ಎಣ್ಣೆ ಕೊಳೆಯನ್ನು ತಳಕ್ಕೆ ಬಿಡುವುದಿಲ್ಲ, ಮೈತುಂಬ ಹೊತ್ತು ತಿರುಗುತ್ತದೆ. ಅದನ್ನು ಹಾಕಿದ ಗಾಡಿಯಲ್ಲಿ ಎಣ್ಣೆ ಪೂರ್ತಿ ಮಸಿ, ತಳ ಬರಿದು. ನಿನ್ನ ತೊಟ್ಟಿಯಲ್ಲಿ ಎಣ್ಣೆ ತಿಳಿ, ತಳದಲ್ಲಿ ಬೆರಳು ದಪ್ಪ ಕೆಸರು. ನಾನಿದ್ದಾಗ ಆ ತೊಟ್ಟಿಯನ್ನು ಪ್ರತಿ ವರ್ಷ ಕಳಚಿ ತೊಳೆಯುತ್ತಿದ್ದೆ. ಮನೆ ಬಿಡುವುದಕ್ಕೆ ಸ್ವಲ್ಪ ಮುಂಚೆಯೂ ತೊಳೆದಿದ್ದೆ. ಅಂದರೆ ಆ ಕೆಸರೆಲ್ಲ ನಾನು ಹೋದ ಮೇಲಿನದು. ಅಂದರೆ ನಿನ್ನ ಅಪ್ಪ ಸಾಯುವವರೆಗೂ ಆ ತೊಳೆಯುವ ಎಣ್ಣೆಯನ್ನು ತನ್ನ ಗಾಡಿಗೆ ಒಂದು ಹನಿಯೂ ಹಾಕಿಕೊಂಡಿಲ್ಲ. ಊರಿಗೆಲ್ಲ ಮಾರಿದ, ಬೋರ್ಡು ಹಾಕಿದ. ತನ್ನ ಗಾಡಿಗೆ ಸಾದಾ ಎಣ್ಣೆ, ಅದೂ ಶಟರ್ ಇಳಿಸಿಕೊಂಡು. ಧೂಳಂತೆ!

ಹೇಡಿ.

ಇದರಿಂದ ಏನು ತಿಳಿಯಬೇಕೋ ನೀನೇ ತಿಳಿದುಕೋ. ಓದು ಬರಹ ಬರುತ್ತದಲ್ಲ. ತಿಳಿಯದಿದ್ದರೆ ನೆನಪಿಸುತ್ತೇನೆ. ಬೇಕರಿಯವನು ಬಿದ್ದು ಭುಜ ಮುರಿದುಕೊಂಡ ದಿನ ನೀನು ಕಾಲೇಜಿನ ರಜೆಗೆ ಬಂದಿದ್ದೆ. ಶೆಡ್ಡಿನ ಮುಂದೆ ಇಡೀ ಬೀದಿ ಸೇರಿತ್ತು. ಅಪ್ಪ ನನ್ನ ಕಡೆ ಬೆರಳು ತೋರಿಸಿ ಏನು ಕೂಗಿದ? "ಇವಳು ಕಣ್ರೀ, ಕಣ್ಣು ಮುಚ್ಕೊಂಡು ಯಾವ್ದೋ ಎಣ್ಣೆ ಸುರಿದ್ಲು, ಹೆಂಗಸಿನ ಕೈಗೆ ಸ್ಪ್ಯಾನರ್ ಕೊಟ್ಟಿದ್ದು ನನ್ನ ತಪ್ಪು." ಜನ ನಕ್ಕರು. ನೀನು ನಗಲಿಲ್ಲ, ನಿನ್ನ ಶೂ ನೋಡುತ್ತಾ ನಿಂತಿದ್ದೆ. ಒಳ್ಳೇ ಶೂ, ನಾನೇ ಪಾಲಿಶ್ ಮಾಡಿದ್ದೆ.

ಆ ಬೇಕರಿಯವನು ಇನ್ನೂ ಬದುಕಿದ್ದರೆ ಅವನನ್ನೇ ಕೇಳು, ತೊಳೆಯುವ ಎಣ್ಣೆಯ ಡಬ್ಬಾ ಯಾರ ಕೈಯಲ್ಲಿತ್ತು ಅಂತ. ನಾನು ಹೇಳಿದರೆ ನೀನು ನಂಬುವವನಲ್ಲ. ನಲವತ್ತು ವರ್ಷ ನಂಬದವನು ಒಂದು ಕಾಗದಕ್ಕೆ ನಂಬಿದರೆ ನನಗೇ ಅಸಹ್ಯವಾಗುತ್ತದೆ.

ಹೊಸ ಎಣ್ಣೆ ಹಾಕು. ಸ್ಟಾರ್ಟ್ ಮಾಡು. ಶೆಡ್ಡಿನಿಂದ ಹೊರಗೆ ತರಬೇಕು ಅಂದೆಯಲ್ಲ, ತಾ. ಅದಕ್ಕಿಂತ ಹೆಚ್ಚು ದೂರ ಹೋಗಬೇಡ.

ಅಕ್ಕ


೨೯ ಮಾರ್ಚ್

ಅಕ್ಕ,

ನಿನ್ನ ಕಾಗದ ಬಂದು ವಾರವಾಯಿತು. ನಾಲ್ಕು ಸಲ ಉತ್ತರ ಬರೆಯಲು ಕೂತೆ. ಮೊದಲ ವಾಕ್ಯವೇ ಸುಳ್ಳಿನಂತೆ ಕಾಣುತ್ತಿತ್ತು, ಹರಿದು ಹಾಕಿದೆ. ಆದ್ದರಿಂದ ನಡೆದದ್ದನ್ನಷ್ಟೇ ಬರೆಯುತ್ತೇನೆ.

ಬೇಕರಿಯವನು ಬದುಕಿದ್ದಾನೆ. ಮಗ ವ್ಯಾಪಾರ ನೋಡಿಕೊಳ್ಳುತ್ತಾನೆ, ಇವನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೋಗಿ ಬರುವವರನ್ನು ತಡೆದು ಮಾತಾಡಿಸುತ್ತಾನೆ. ಅವನ ಹಲ್ಲಿನ ಸೆಟ್ಟು ನಾನೇ ಮಾಡಿಕೊಟ್ಟದ್ದು. ಅದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದ.

"ಹಾಕ್ಕೊಳ್ರೀ ಅದನ್ನ" ಅಂದೆ.

"ಕಚ್ಚುತ್ತೆ."

"ಕಚ್ಚೋದಕ್ಕೇ ಕೊಟ್ಟಿದ್ದು. ಒಂದು ಮಾತು ಕೇಳಬೇಕಿತ್ತು. ಅವತ್ತು ನಿಮ್ಮ ಗಾಡಿಗೆ ಎಣ್ಣೆ ಹಾಕಿದ್ದು ಯಾರು?"

"ಯಾವತ್ತು?"

"ನೀವು ಬಿದ್ದಿರಲ್ಲ, ಅವತ್ತು."

"ನಿಮ್ಮಪ್ಪ. ಇನ್ಯಾರು?"

"ನಮ್ಮಕ್ಕ ಅಲ್ವಾ?"

"ಅವಳಾ? ಬೇಡ ಬೇಡ ಅಂತ ಡಬ್ಬಾ ಕಿತ್ಕೊಳ್ಳೋಕೆ ಬಂದ್ಲಪ್ಪ ಅವಳು. ನಿಮ್ಮಪ್ಪ ಮೊಣಕೈಲಿ ತಳ್ಳಿದ. ಎಣ್ಣೆ ಹಾರಿ ನನ್ನ ಹೊಸ ಪ್ಯಾಂಟ್ ಮೇಲೆ ಬಿತ್ತು. ಭುಜದ ಮೂಳೆ ಕೂಡ್ಕೊಳ್ತು ಡಾಕ್ಟ್ರೇ, ಆ ಕಲೆ ಮಾತ್ರ ಹೋಗ್ಲೇ ಇಲ್ಲ."

"ಮತ್ತೆ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ?"

"ಯಾರು ಕೇಳಿದ್ರು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು, ನಿಮ್ಮ ಮನೆ ವಿಷಯ, ನನಗ್ಯಾಕೆ ಅಂತ ಸುಮ್ಮನಿದ್ದೆ. ನಿಮ್ಮ ಹತ್ರ ಬಾಯಿ ಬಿಟ್ಟಾಗಲೆಲ್ಲ ನೀವು ಒಳಗೆ ಏನಾದ್ರೂ ತುರುಕ್ತಿದ್ರಿ."

ಅಕ್ಕ, ನಗು ಬಂತು. ನಕ್ಕದ್ದಕ್ಕೆ ನಾಚಿಕೆಯೂ ಆಯಿತು.

ನಿನ್ನೆ ಗಾಡಿ ಸ್ಟಾರ್ಟ್ ಮಾಡಿದೆ. ಒದ್ದು ಒದ್ದು ಮೊಣಕಾಲು ಊದಿಕೊಂಡಿದೆ. ಕೊನೆಗೆ ಇಂಜಿನ್ ಶುರುವಾದಾಗ ಶೆಡ್ಡಿನ ತಗಡೆಲ್ಲ ನಡುಗಿತು. ಗಿರಣಿಯವನ ಸಾದಾ ಎಣ್ಣೆ, ನೀನು ಹೇಳಿದ್ದೇ. ಶೆಡ್ಡಿನಿಂದ ಹೊರಗೆ ಬಂತು, ತನ್ನ ಚಕ್ರದ ಮೇಲೆ, ತನ್ನ ಸದ್ದಿನಲ್ಲಿ. ನೀನು ಅಲ್ಲಿಗೇ ನಿಲ್ಲಿಸು ಎಂದಿದ್ದೆ. ನಾನು ನಿಲ್ಲಿಸಲಿಲ್ಲ. ಬೇಕರಿಯವರೆಗೆ ಓಡಿಸಿದೆ, ಓಡಿಸಿದೆ ಎನ್ನುವುದಕ್ಕಿಂತ ಅದು ಎಳೆದುಕೊಂಡು ಹೋಯಿತು. ಸದ್ದಿಗೆ ಜನ ಸೇರಿದರು. ಯಾರೋ ಕೇಳಿದರು, "ಯಾವ ಎಣ್ಣೆ ಹಾಕಿದ್ರಿ ಡಾಕ್ಟ್ರೇ, ಇಷ್ಟು ಹಳೇ ಗಾಡಿಗೆ?"

ಬೇಕರಿಯ ಮೆಟ್ಟಿಲ ಮೇಲೆ ಹತ್ತಿ ನಿಂತು ಹೇಳಿದೆ. ನಮ್ಮಕ್ಕ ಹೇಳಿದ ಎಣ್ಣೆ ಅಂದೆ. ಅವತ್ತು ಈ ಬೀದಿಯಲ್ಲಿ ನಮ್ಮಪ್ಪ ಹೇಳಿದ್ದು ಸುಳ್ಳು, ಇವರ ಗಾಡಿಗೆ ತಪ್ಪು ಎಣ್ಣೆ ಸುರಿದದ್ದು ಅವರೇ, ನಮ್ಮಕ್ಕ ಅಲ್ಲ ಅಂದೆ. ಬೇಕರಿಯವನು ಹಲ್ಲಿನ ಸೆಟ್ಟು ಹಾಕಿಕೊಂಡು ಎದ್ದು ನಿಂತು "ಹೌದು" ಅಂದ.

ಆಮೇಲೆ ಬ್ರೆಡ್ಡು ಕೊಳ್ಳಲು ಬಂದಿದ್ದ ಹೆಂಗಸೊಬ್ಬರು ಕೇಳಿದರು, "ಯಾವ ಅಕ್ಕ?"

ಗಾಡಿ ತಳ್ಳಿಕೊಂಡು ಮನೆಗೆ ಬಂದೆ. ಈಗ ನನ್ನ ಜಗಲಿಯ ಮುಂದೆ ನಿಂತಿದೆ.

ಬಾ ಅಕ್ಕ. ಅದನ್ನು ಓಡಿಸಲು ನನಗೆ ಬರುವುದಿಲ್ಲ.

ತಮ್ಮ


೬ ಏಪ್ರಿಲ್

ಮೊಳೆ,

ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿದೆಯಂತೆ. ಯಾರಿಗೆ? ಅವತ್ತು ನಕ್ಕವರಲ್ಲಿ ಮುಕ್ಕಾಲು ಜನ ಸತ್ತಿದ್ದಾರೆ, ಉಳಿದವರಿಗೆ ಕಿವಿ ಕೇಳಿಸುವುದಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವನು ಈಗ ದೀಪ ಹಿಡಿದು ಹೊರಟಿದ್ದೀಯ. ಆ ಹೆಂಗಸು ಕೇಳಿದ್ದೇ ಸರಿ. ಯಾವ ಅಕ್ಕ? ನಿನ್ನ ಕಣ್ಣೀರು ನಿನ್ನ ಹತ್ತಿರವೇ ಇರಲಿ, ಇಲ್ಲಿ ನದಿಯಲ್ಲಿ ನೀರು ಬೇಕಾದಷ್ಟಿದೆ.

ನಾನು ಯಾಕೆ ಅವತ್ತೇ ಬಾಯಿ ಬಿಡಲಿಲ್ಲ ಅಂತ ನೀನು ಕೇಳಿಲ್ಲ. ಕೇಳುವ ಧೈರ್ಯ ಇಲ್ಲ ಅಂತ ಗೊತ್ತು. ನಾನೇ ಹೇಳುತ್ತೇನೆ. ಕಾದೆ. ಬೀದಿಯಲ್ಲಿ ಮಾನಕ್ಕೆ ಹೆದರಿ ಹಾಗೆ ಕೂಗಿದ, ಮನೆಯೊಳಗೆ ಬಂದು ಹೇಳುತ್ತಾನೆ ಅಂದುಕೊಂಡೆ. ಒಂದು ವಾರ ದಿನಾ ಎದುರಿಗೆ ಕೂತು ಬಡಿಸಿದೆ. ಆ ವಾರವಿಡೀ ಅವನು ನನ್ನ ಜೊತೆ ಆಡಿದ್ದು ಒಂದೇ ಮಾತು. "ಉಪ್ಪು ಕೊಡು." ಏಳನೇ ದಿನ ಉಪ್ಪಿನ ಡಬ್ಬಿಯನ್ನು ಅವನ ಕೈಗೆ ಸಿಗುವಲ್ಲಿ ಇಟ್ಟು ಹೊರಟುಬಂದೆ. ಇನ್ನು ನನ್ನನ್ನು ಕೇಳುವ ಅಗತ್ಯ ಬೀಳಬಾರದು ಅಂತ.

ಎಣ್ಣೆಯ ವಿಷಯದಲ್ಲಿ ನಾನೇ ಸರಿ ಅಂತ ಆ ಮನುಷ್ಯನಿಗೆ ಗೊತ್ತಿತ್ತು. ಪ್ರತಿ ಸಲ ಶಟರ್ ಇಳಿಸಿದಾಗಲೂ ಗೊತ್ತಿತ್ತು. ಅದು ಗೊತ್ತಿಲ್ಲದೆ ಬೈದ ಅಂದುಕೊಂಡಿದ್ದಾಗ ನನಗೆ ಅವನ ಮೇಲೆ ಬರೀ ಕೋಪ ಇತ್ತು. ಈಗ ಅದೂ ಇಲ್ಲ. ಕೋಪಕ್ಕೂ ಒಂದು ಯೋಗ್ಯತೆ ಬೇಕು.

ನಾನು ಬರುವುದಿಲ್ಲ. ಪದೇ ಪದೇ ಕರೆಯಬೇಡ. ನನ್ನ ಮೊಣಕಾಲೂ ನಿನ್ನದಕ್ಕಿಂತ ಚೆನ್ನಾಗೇನೂ ಇಲ್ಲ.

ಇನ್ನು ಗಾಡಿ. ಬೇಕರಿಯವರೆಗೆ ಓಡಿಸಬೇಡ ಅಂದಿದ್ದು ಸುಮ್ಮನೆ ಅಲ್ಲ, ದಡ್ಡ. ನೀನು ತಳ ಕೆರೆದಿದ್ದೀಯ. ಕೆರೆದ ಮೇಲೆ ಒಂದಿಷ್ಟು ಸಡಿಲವಾಗಿ ಎಣ್ಣೆಗೆ ಸೇರಿಯೇ ಇರುತ್ತದೆ. ಈಗ ಹಾಕಿದ ಎಣ್ಣೆ ಓಡಿಸುವುದಕ್ಕಲ್ಲ, ಎದ್ದದ್ದನ್ನು ಹೊರಗೆ ತರುವುದಕ್ಕೆ. ಗಾಡಿ ಸ್ವಲ್ಪ ಬಿಸಿಯಾಗುವವರೆಗೆ ನಿಂತಲ್ಲೇ ಓಡಿಸಿ, ಬಿಸಿ ಇರುವಾಗಲೇ ಅಷ್ಟನ್ನೂ ಇಳಿಸಿ ಚೆಲ್ಲು. ಚೆನ್ನಾಗೇ ಇದೆಯಲ್ಲ ಅಂತ ಜಿಪುಣತನ ಮಾಡಬೇಡ. ಆಮೇಲೆ ಆ ತೊಟ್ಟಿ ಕಳಚು. ಎರಡು ಬೋಲ್ಟು, ಎರಡು ಪೈಪು, ಅಷ್ಟೇ. ಕೆಳಗಿನ ಬೋಲ್ಟು ಬಿಗಿ ಇರುತ್ತದೆ, ಬೈದರೆ ಬರುತ್ತದೆ. ಅಷ್ಟು ಜನರ ದವಡೆ ಹಲ್ಲು ಕಿತ್ತವನಿಗೆ ಇದು ಬರುವುದಿಲ್ಲ ಅಂದರೆ ನಾನು ನಂಬುವುದಿಲ್ಲ. ಸೀಮೆಎಣ್ಣೆಯಲ್ಲಿ ತೊಳೆ, ತಳ ಕೈಗೆ ಹತ್ತುವವರೆಗೆ. ನಿನ್ನ ಆ ಕೊಕ್ಕೆ ಈಗ ಬೇಕಾದರೆ ಬಳಸು. ಆಮೇಲೆ ಹೊಸ ಸಾದಾ ಎಣ್ಣೆ.

ತಿಂಗಳು ಬಿಟ್ಟು ಒಂದು ಲೋಟ ಇಳಿಸಿ ಬೆಳಕಿಗೆ ಹಿಡಿ. ಕಿಟಕಿಯ ಸರಳು ಕಾಣುತ್ತದೆಯೋ ಇಲ್ಲವೋ ನನಗೆ ಬರಿ. ಇದ್ದದ್ದು ಇದ್ದ ಹಾಗೆ ಬರಿ.

ಎಣ್ಣೆ ಹಾಕುವಾಗ ಗೇಟು ತೆಗೆದಿಡು. ಬೀದಿಯವರಿಗೆ ಡಬ್ಬಾ ಕಾಣಲಿ.

ಅಕ್ಕ